ಪಾಲಿಗೆ ಬಾರದ ನಾಯಿ

ನಮ್ಮ ಮನೆಯ ಗಂಡಸರಿಗೆ ಪ್ರೀತಿ ಅನ್ನುವುದೇ ಇರಲಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಇತ್ತು, ಬೇಕಾದಷ್ಟಿತ್ತು. ಅಷ್ಟನ್ನೂ ತೆಗೆದುಕೊಂಡು ಹೋಗಿ ನಾಯಿಗೆ ಸುರಿದಿದ್ದರು. ನಮ್ಮಪ್ಪ ಹೆಂಡತಿಯನ್ನು ಕರೆಯಬೇಕಾದರೆ ಕೆಮ್ಮುತ್ತಿದ್ದ. ಮಕ್ಕಳ ತಲೆ ಸವರಿದರೆ ಮಕ್ಕಳು ಕೆಡುತ್ತಾರೆ ಅಂತ ನಂಬಿದ್ದ. ಹೆತ್ತ ತಾಯಿಗೆ ಜ್ವರ ಬಂದರೆ ಬಾಗಿಲಲ್ಲೇ ನಿಂತು, "ಕಷಾಯ ಕುಡ್ದ್ಯಾ?" ಅಂತ ಕೇಳಿ, ಉತ್ತರ ಬರುವ ಮುಂಚೆಯೇ ಹೊರಟುಹೋಗುತ್ತಿದ್ದ. ಅದೇ ಮನುಷ್ಯ ನಾಯಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅದರ ಕಿವಿ ಮಡಿಸಿ ಉಣ್ಣೆಹುಳ ಕೀಳಲು ಕೂತರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಅಜ್ಜಿ ನೋಡಿ ನೋಡಿ ಸಾಕಾಗಿ ಒಂದು ದಿನ ಕೇಳಿಯೇಬಿಟ್ಟಳು: "ನಿನ್ನೆತ್ತೋಳು ನಾನೇನ್ಲಾ, ಇಲ್ಲ ಅದಾ?"

ಬಂಗಾರಪೇಟೆಯಿಂದ ಬೂದಿಕೋಟೆ ಬಸ್ಸು ಹತ್ತಿ, ನಡುವೆ ಇಳಿದು, ಹೊಲದ ದಾರಿ ಹಿಡಿದರೆ ನಮ್ಮೂರು. ಅಪ್ಪನಿಗೆ ಕೆಜಿಎಫ್‌ನಲ್ಲಿ ಗಣಿ ಕೆಲಸ, ಭೂಮಿಯ ಒಳಗೆ ಇಳಿಯುವಂಥದ್ದು. ಬಂಗಾರಪೇಟೆ ಸ್ಟೇಷನ್ನಿನವರೆಗೆ ಸೈಕಲ್ಲು, ಅಲ್ಲಿಂದ ಮಾರಿಕುಪ್ಪಂ ರೈಲು. ಅಪ್ಪನ ಒಬ್ಬನೇ ತಮ್ಮ, ನಮ್ಮ ಚಿಕ್ಕಪ್ಪ, ಮನೆಯಲ್ಲಿದ್ದುಕೊಂಡು ರಾಗಿ ಬೆಳೆಯುತ್ತಾ, ಹಸು ಕಟ್ಟಿ ಡೈರಿಗೆ ಹಾಲು ಹಾಕುತ್ತಿದ್ದ. ಎಪ್ಪತ್ತರ ದಶಕದ ಮಾತು. ಆಗ ಎಲ್ಲರೂ ಒಂದೇ ಮನೆ, ಒಂದೇ ಒಲೆ.

ನಾಯಿ ಬಂದದ್ದು ಅಪ್ಪನ ಊಟದ ಚೀಲದಲ್ಲಿ. ಕ್ಯಾರಿಯರ್ ಹೊರಗೆ ಕೈಯಲ್ಲಿತ್ತು, ಚೀಲದೊಳಗೆ ಕಂದುಬಣ್ಣದ ಒಂದು ಮರಿ ಕುಂಯ್ಗುಟ್ಟುತ್ತಿತ್ತು. ಕೆಜಿಎಫ್‌ನ ದೊಡ್ಡ ಬಂಗಲೆಯೊಂದರಲ್ಲಿ ಅದರ ತಾಯಿ ಇದೆಯಂತೆ, ಅದಕ್ಕೆ ಬಿಸ್ಕತ್ತು ಬಿಟ್ಟು ಬೇರೆ ಹಾಕುವುದಿಲ್ಲವಂತೆ, ಜಾತಿ ನಾಯಿಯಂತೆ. ಅಪ್ಪ ಇದನ್ನೆಲ್ಲ ಊರಿಗೆ ಕೇಳುವ ಹಾಗೆ ಹೇಳಿದ. ಬೆಳೆದ ಮೇಲೆ ನೋಡಿದರೆ, ಬಸ್ ನಿಲ್ಲುವ ಕಡೆ ಹೋಟೆಲಿನ ಹಿಂದೆ ಬಿದ್ದಿರುವ ನಾಯಿಗಳಿಗೂ ಇದಕ್ಕೂ ಒಂದೇ ವ್ಯತ್ಯಾಸ: ಅವು ಹೊಸಬರನ್ನು ಕಂಡರೆ ಬೊಗಳುತ್ತಿದ್ದವು. ನಮ್ಮದು ಎದ್ದು ಜಾಗ ಬಿಡುತ್ತಿತ್ತು.

ಅದಕ್ಕೆ ಹೆಸರಿಡಲಿಲ್ಲ. ಹೆಸರಿಟ್ಟರೆ ಪ್ರೀತಿ ಇದೆ ಅಂತ ಊರಿಗೆ ಗೊತ್ತಾಗಿಬಿಡುತ್ತದಲ್ಲ! ಗಣಿಯಲ್ಲಿ ತಮಿಳು ಕಲಿತಿದ್ದ ಅಪ್ಪ "ವಾಡಾ" ಅಂತ ಕರೆಯುತ್ತಿದ್ದ. ಕಾಮಸಮುದ್ರದ ಕಡೆಗೆ ದನ ಕೊಳ್ಳಲು ಹೋಗಿ ಹೋಗಿ ತೆಲುಗು ನಾಲಿಗೆಗೆ ಹತ್ತಿಸಿಕೊಂಡಿದ್ದ ಚಿಕ್ಕಪ್ಪ "ರಾರಾ" ಅನ್ನುತ್ತಿದ್ದ. ಅಜ್ಜಿ ಅಚ್ಚ ಕನ್ನಡದಲ್ಲಿ "ಥೂ, ಓಗತ್ಲಾಗೆ" ಅನ್ನುತ್ತಿದ್ದಳು. ನಾಯಿ ಮೂವರ ಹತ್ತಿರವೂ ಬಾಲ ಅಲ್ಲಾಡಿಸಿಕೊಂಡು ಹೋಗುತ್ತಿತ್ತು. ಅಜ್ಜಿಯೂ ಬೈದು ಮುಗಿಸಿದ ಮೇಲೆ ಪಾತ್ರೆಯ ತಳಕ್ಕೆ ಹತ್ತಿದ ಮುದ್ದೆಯ ಸೀಕಲನ್ನು ಅದಕ್ಕೇ ಹಾಕುತ್ತಿದ್ದಳು.

ತಂದವನು ಅಪ್ಪ, ಸಾಕಿದವನು ಚಿಕ್ಕಪ್ಪ. ಹಾಲು ಕರೆದು ಎದ್ದರೆ ಮೊದಲ ನೊರೆ ನಾಯಿಗೆ; ಆಮೇಲೆ ಡೈರಿಗೆ, ಆಮೇಲೆ ಉಳಿದರೆ ನಮಗೆ. ಅಪ್ಪ ಶಿಫ್ಟು ಮುಗಿಸಿ ಬಂದರೆ ನಾಯಿಯ ಪಕ್ಕ ಜಗಲಿಯ ಮೇಲೆ ಕೂತು ಅವತ್ತಿನದನ್ನೆಲ್ಲ ಅದಕ್ಕೆ ಒಪ್ಪಿಸುತ್ತಿದ್ದ. ಒಳಗೆ ಎಷ್ಟು ಸೆಖೆ, ಮೇಸ್ತ್ರಿ ಏನಂದ, ಜೊತೆಯವನ ಬೆರಳು ಹೇಗೆ ಜಜ್ಜಿಹೋಯಿತು. ಅಮ್ಮ ಅಡುಗೆಮನೆಯ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತು ಕೇಳಿಸಿಕೊಳ್ಳುತ್ತಿದ್ದಳು. ಗಂಡ ಎಂಥ ಕಡೆ ದುಡಿಯುತ್ತಾನೆ ಅನ್ನುವುದು ಅವಳಿಗೆ ಗೊತ್ತಾದದ್ದೇ ನಾಯಿಯ ಋಣದಿಂದ. "ನನ್ಗೊಂದ್ ಬಾಲ ಇದ್ದಿದ್ರೆ ನನ್ತಾವ್ಲೂ ಮಾತಾಡೋರೇನೋ," ಅಂತ ಒಮ್ಮೆ ನನ್ನ ಹತ್ತಿರ ಅಂದಿದ್ದಳು. ನಗುತ್ತಲೇ ಅಂದಳು, ಆದರೆ ಅದು ನಗುವ ಮಾತಾಗಿರಲಿಲ್ಲ.

ಇನ್ನು ಜಗಳಕ್ಕೆ ಬರೋಣ. ಅಣ್ಣತಮ್ಮಂದಿರು ಆಸ್ತಿಗೆ ಕಿತ್ತಾಡುವುದು ಲೋಕಕ್ಕೆಲ್ಲ ಗೊತ್ತು. ನಮ್ಮವರು ಕಿತ್ತಾಡಿದ್ದು ನಿದ್ದೆಗೆ. ಅಪ್ಪನಿಗೆ ನೈಟ್ ಶಿಫ್ಟು ಬಂದಾಗ ಬೆಳಗ್ಗೆ ಬಂದು ಹಗಲೆಲ್ಲ ಮಲಗಬೇಕು. ಚಿಕ್ಕಪ್ಪನ ಕೆಲಸವೆಲ್ಲ ಹಗಲಿನದೇ, ಅದೂ ಸದ್ದಿನದು. ರಾಗಿ ಬಡಿಯಬೇಕು, ದನಕ್ಕೆ ಕೂಗಬೇಕು, ಸೌದೆ ಸೀಳಬೇಕು. ಅಪ್ಪ ದುಪ್ಪಟಿ ಮುಖಕ್ಕೆಳೆದುಕೊಂಡು ಹಲ್ಲು ಕಡಿಯುತ್ತಿದ್ದ. ಚಿಕ್ಕಪ್ಪ, "ಊರೆಲ್ಲ ದುಡೀವಾಗ ಮಲ್ಗೋನ್ಗೆ ಎಷ್ಟ್ ಗತ್ತು!" ಅಂತ ಹಸುವಿನ ಹತ್ತಿರ ಗೊಣಗುತ್ತಿದ್ದ. ಇದು ವರ್ಷಗಟ್ಟಲೆ ನಡೆದು, ಒಂದು ದಿನ ಜಗಲಿಯ ಕಂಬಕ್ಕೆ ಕಟ್ಟಿದ್ದ ಹೊಸ ಕರುವೊಂದು ಮಧ್ಯಾಹ್ನವೆಲ್ಲ ಅರಚಿ, ಅಪ್ಪ ಎದ್ದು ಬಂದು ತಂಬಿಗೆ ಬೀಸಿ ಎಸೆದ. ಕರುವಿಗೆ ಎಸೆದದ್ದು ಚಿಕ್ಕಪ್ಪನ ಹಣೆಗೆ ತಗುಲಿತು. ಭೂಮಿಯ ಹೊಟ್ಟೆಯೊಳಗೆ ಸದ್ದಿನಲ್ಲೇ ದುಡಿಯುವವನಿಗೆ ಮನೆಯ ಕರುವಿನ ಸದ್ದು ಆಗಿಬರಲಿಲ್ಲ. ಅಷ್ಟಕ್ಕೆ ಭಾಗವಾಯಿತು.

ನಮ್ಮ ಕಡೆ ಭಾಗ ಮಾಡುವುದಕ್ಕೆ ಒಂದು ಕ್ರಮವಿದೆ. ದೊಡ್ಡವನು ಪಾಲು ಮಾಡಿ ಇಡಬೇಕು, ಚಿಕ್ಕವನು ಮೊದಲು ಆರಿಸಿಕೊಳ್ಳಬೇಕು. ದೊಡ್ಡವನು ಆಸೆಬಿದ್ದು ಒಂದು ಪಾಲನ್ನು ದಪ್ಪ ಮಾಡಿದರೆ ಅದು ತಮ್ಮನ ಕೈಗೇ ಹೋಗುತ್ತದೆ. ಒಳ್ಳೆಯ ಕ್ರಮವೇ. ಆದರೆ ಅದನ್ನು ಮಾಡಿದ ಹಿರಿಯರು ನಾಯಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಊರಿನ ದೊಡ್ಡವರು ಅಂಗಳದಲ್ಲಿ ಚಾಪೆ ಹಾಕಿಕೊಂಡು ಕೂತರು. ಅಪ್ಪ ಪಾತ್ರೆ ಪಗಡಗಳನ್ನೆಲ್ಲ ಎರಡು ಗುಡ್ಡೆ ಮಾಡಿದ. ಹೊಲಕ್ಕೆ ನಡುವೆ ಬದು ಹಾಕುವುದು, ಬಾವಿಗೆ ಸರದಿ, ಹುಣಸೆಮರಕ್ಕೆ ವರ್ಷ ಬಿಟ್ಟು ವರ್ಷ ಅಂತ ಆಯಿತು. ಅಜ್ಜಿಯನ್ನೂ ಹಂಚಿದರು: ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಇಲ್ಲಿ, ಅಲ್ಲಿಂದಾಚೆ ಅಲ್ಲಿ. ಅಜ್ಜಿ ಎಲೆ ಅಡಿಕೆ ಕುಟ್ಟುತ್ತಾ, ತನ್ನನ್ನಲ್ಲ ಬೇರೆ ಯಾರನ್ನೋ ಹಂಚುತ್ತಿದ್ದಾರೆ ಅನ್ನುವ ಹಾಗೆ ಕೂತಿದ್ದಳು.

ನಾಯಿ ಎರಡು ಗುಡ್ಡೆಗಳ ನಡುವೆ, ರಾಗಿ ಅಳೆಯುವ ಸೇರಿನ ಮೇಲೆ ಮೂತಿ ಇಟ್ಟುಕೊಂಡು ಮಲಗಿತ್ತು. ಅದನ್ನು ಯಾವ ಪಾಲಿಗೆ ಸೇರಿಸಿದರೂ ತಮ್ಮ ಆ ಪಾಲನ್ನೇ ಎತ್ತಿಕೊಳ್ಳುತ್ತಾನೆ ಅಂತ ಅಪ್ಪನಿಗೆ ಗೊತ್ತಿತ್ತು. ಅದಕ್ಕೇ ಯಾವುದಕ್ಕೂ ಸೇರಿಸಲಿಲ್ಲ. ಚಿಕ್ಕಪ್ಪನಿಗೂ ಇದು ಅರ್ಥವಾಗಿತ್ತು. ಆದರೆ ಮೀಸೆ ಬಂದ ಗಂಡಸು ನಾಲ್ಕು ಜನದ ಮುಂದೆ "ನಂಗೆ ನಾಯಿ ಬೇಕು" ಅಂತ ಬಾಯಿಬಿಟ್ಟು ಕೇಳುವುದು ಹೇಗೆ? "ಇನ್ನೇನಾದ್ರೂ ಉಳ್ಕಂತಾ?" ಅಂದರು ಹಿರಿಯರೊಬ್ಬರು. ಅಪ್ಪ ಆಕಾಶ ನೋಡಿಕೊಂಡು, "ಏನಿಲ್ಲ" ಅಂದ. ಚಿಕ್ಕಪ್ಪ ನೆಲ ನೋಡಿಕೊಂಡು, "ಏನಿಲ್ಲ" ಅಂದ. ನಾಯಿ ಆಕಳಿಸಿತು. ಹಿರಿಯರು ಊಟ ಮಾಡಿಕೊಂಡು ಹೊರಟುಹೋದರು. ಅಜ್ಜಿ ಅವತ್ತು ಒಂದೇ ಒಂದು ಮಾತಂದಳು: "ತಾಯಿನ ಅಂಚ್ಕೊಂಡ್ರು, ನಾಯಿನ ಅಂಚ್ಕೊಳ್ಳೋಕೆ ಮನ್ಸು ಬರ್ಲಿಲ್ಲ ನೋಡು."

ಅಂಗಳದ ನಡುವೆ ಗೋಡೆ ಎದ್ದಿತು, ಎದೆಯ ಮಟ್ಟದ ಮಣ್ಣಿನ ಗೋಡೆ. ಮಳೆನೀರು ಹರಿದುಹೋಗಲು ಬುಡದಲ್ಲಿ ಒಂದು ಕಿಂಡಿ ಬಿಟ್ಟಿದ್ದರು. ನೀರಿಗೆ ಬಿಟ್ಟ ಕಿಂಡಿಗಿಂತ ಅದು ಸ್ವಲ್ಪ ದೊಡ್ಡದೇ ಇತ್ತು. ಅಳತೆ ಕೊಟ್ಟವರು ಯಾರು ಅಂತ ಯಾರೂ ಕೇಳಲಿಲ್ಲ. ನಾಯಿ ಮರುದಿನದಿಂದಲೇ ಅದರಲ್ಲಿ ಸೇರಿಕೊಂಡಿತು. ತಲೆ ಒಂದು ಮನೆಯಲ್ಲಿ, ಬಾಲ ಇನ್ನೊಂದು ಮನೆಯಲ್ಲಿ. ಬಿಸಿಲು ತಿರುಗಿದಾಗ ಅದೂ ತಿರುಗಿ ಮಲಗುತ್ತಿತ್ತು. ಅಣ್ಣತಮ್ಮ ಮಾತು ಬಿಟ್ಟರು. ಯಾವನು ಮೊದಲು ಬಾಯಿ ತೆಗೆಯುತ್ತಾನೋ ಅವನು ಸೋತ ಅನ್ನುವುದು ಇಬ್ಬರ ನಡುವೆ ಹೇಳದೆಯೇ ಆದ ಒಪ್ಪಂದ.

ಆದರೆ ಒಂದೇ ಬಾವಿ, ಒಂದೇ ದಾರಿ, ಒಂದೇ ಕರೆಂಟು ತಂತಿ ಇಟ್ಟುಕೊಂಡು ಮಾತು ಬಿಟ್ಟರೆ ಬದುಕುವುದು ಹೇಗೆ? ಭಾಗವಾಗಿ ಸ್ವಲ್ಪ ದಿನಕ್ಕೇ ಅಪ್ಪನಿಗೆ ಇಕ್ಕಟ್ಟು ಬಂತು. ನೀರಿನ ಸರದಿ ಮಾರನೆಯ ದಿನಕ್ಕಿತ್ತು, ಮಾರನೆಯ ದಿನವೇ ಶಿಫ್ಟು ಬದಲಾಗಿತ್ತು. ಗೋಡೆಯಾಚೆ ಚಿಕ್ಕಪ್ಪ ಹುಲ್ಲು ಹಾಕುತ್ತಿದ್ದ. ಅಪ್ಪ ಅತ್ತಿತ್ತ ಶತಪಥ ಹಾಕಿ, ಕೊನೆಗೆ ಕಿಂಡಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ನಾಯಿಗೆ ಹೇಳಿದ: "ನೋಡ್ಲಾ, ನಾಳೆ ನಂಗೆ ಡೇ ಶಿಫ್ಟು. ನೀರು ಇವತ್ತೇ ಕಟ್ಕೋಬೇಕು. ಯಾರಿಗಾದ್ರೂ ತೊಂದ್ರೆ ಇದ್ರೆ ಈಗ್ಲೇ ಅಂದ್ಬಿಡ್ಲಿ." ಆಚೆ ಹುಲ್ಲಿನ ಸದ್ದು ನಿಂತಿತು. ಬಾಲದ ಕಡೆಯಿಂದ ಉತ್ತರ ಬಂತು: "ಏಯ್ ನಾಯಿ, ಯಾರಿಗೂ ತೊಂದ್ರೆ ಇಲ್ಲಾಂತೇಳು."

ಅವತ್ತಿನಿಂದ ನಾಯಿಗೆ ಉದ್ಯೋಗ ಸಿಕ್ಕಿತು. ಹಸು ಕರು ಹಾಕಿದ್ದು, ಡೈರಿಯವನು ಬಾರದೇ ಇದ್ದದ್ದು, ಕೆಜಿಎಫ್‌ನಲ್ಲಿ ಯಾವ ಗಣಿ ಮುಚ್ಚುತ್ತಾರೆ ಅನ್ನುವ ಸುದ್ದಿ, ಎಲ್ಲವೂ ನಾಯಿಯ ಮೂಲಕವೇ. ಬೈಗುಳವೂ ಅದರ ಮೂಲಕವೇ. "ಕಂಡೋರ ಬದೂನಲ್ಲಿ ಉಲ್ಲು ಕೊಯ್ಯೋಕೆ ನಾಚ್ಕೆ ಆಗಲ್ವೇನ್ಲಾ?" ಅಂತ ಅಪ್ಪ ಗದರಿಸಿದರೆ, ಜನ್ಮದಲ್ಲಿ ಕುಡುಗೋಲು ಮುಟ್ಟದ ನಾಯಿ ಕಿವಿ ಜೋಲು ಬಿಟ್ಟು ನೆಲ ನೋಡುತ್ತಿತ್ತು. "ಮೂರೊತ್ತೂ ಬಿದ್ಕೊಂಡಿರೋರ್ಗೆ ಏನ್ ಗೊತ್ತಾಯ್ತದೆ ಬದು ಯಾರ್ದು ಅಂತ?" ಅಂತ ಚಿಕ್ಕಪ್ಪ ಆಚೆಯಿಂದ ರೇಗಿದರೆ, ಮೂರು ಹೊತ್ತೂ ಬಿದ್ದುಕೊಂಡೇ ಇರುವ ನಾಯಿಗೆ ಅದು ನಾಟುತ್ತಿತ್ತು ಅಂತ ಕಾಣುತ್ತದೆ, ಎದ್ದು ಒಂದು ಸುತ್ತು ಹೋಗಿಬರುತ್ತಿತ್ತು. ಊರಿನವರು ಸಂಜೆಯಾದರೆ ನಮ್ಮ ಬೀದಿಯಲ್ಲಿ ಸುಮ್ಮನೆ ನಿಂತಿರುತ್ತಿದ್ದರು. ಬಂಗಾರಪೇಟೆಯ ಟೆಂಟ್ ಸಿನಿಮಾಕ್ಕೆ ಹೋಗುವ ಖರ್ಚು ಉಳಿಯುತ್ತಿತ್ತು.

ಹೆಂಗಸರಿಗೆ ಈ ನಾಯಿ ಬೇಕಾಗಿರಲಿಲ್ಲ. ಅಮ್ಮನೂ ಚಿಕ್ಕಮ್ಮನೂ ಬಾವಿಯ ಹತ್ತಿರ ದಿನಾ ಸಿಕ್ಕಿ, ಕೊಡ ಪಕ್ಕಕ್ಕಿಟ್ಟು, ಗಂಡಂದಿರನ್ನು ಆಡಿಕೊಂಡು, ಮನೆಗೆ ಬಂದು ಏನೂ ಗೊತ್ತಿಲ್ಲದವರ ಹಾಗೆ ಮುಖ ಗಂಟುಹಾಕಿಕೊಳ್ಳುತ್ತಿದ್ದರು. ಹಬ್ಬ ಬಂದರೆ ಮಾತ್ರ ನಾಯಿಯೇ ಬೇಕಾಗುತ್ತಿತ್ತು. ಗೋಡೆಯ ಮೇಲೆ ಬಾಳೆಲೆ ಮುಚ್ಚಿದ ಪಾತ್ರೆ ಬಂದು ಕೂರುತ್ತಿತ್ತು. "ನಾಯ್ಗೆ ಇಟ್ಟಿದೀನಿ," ಅಂತ ಚಿಕ್ಕಪ್ಪ ಗಾಳಿಗೆ ಹೇಳಿ ಹೋಗುತ್ತಿದ್ದ. ತೆಗೆದು ನೋಡಿದರೆ ತುಪ್ಪ ಸವರಿದ ಒಬ್ಬಟ್ಟು, ಮೇಲೆ ಒಂದು ನಿಂಬೆಹಣ್ಣಿನ ಉಪ್ಪಿನಕಾಯಿ. ಯಾವ ನಾಯಿ ಉಪ್ಪಿನಕಾಯಿ ತಿನ್ನುತ್ತದೆ ಅಂತ ನಾನು ಕೇಳಿದರೆ ಅಪ್ಪ, "ಜಾತಿ ನಾಯಿ ಕಣೆ ಅದು," ಅಂತ ಹೇಳಿ ತಾನೇ ತಿಂದು ಮುಗಿಸುತ್ತಿದ್ದ. ಕೊನೆಯ ಚೂರೊಂದನ್ನು ನ್ಯಾಯಕ್ಕೆ ನಾಯಿಗೂ ಹಾಕುತ್ತಿದ್ದ.

ಕೆಜಿಎಫ್‌ನವರಿಗೆ ನಾಯಿಯ ವಿಷಯದಲ್ಲಿ ಇನ್ನೊಂದು ಹುಚ್ಚಿತ್ತು. ಗಣಿಯ ಆಳದಲ್ಲಿ ಒಮ್ಮೊಮ್ಮೆ ಬಂಡೆ ತನಗೆ ತಾನೇ ಸಿಡಿಯುತ್ತದೆ. ಮೇಲೆ ಕೆಲಸಗಾರರ ಮನೆಸಾಲುಗಳಲ್ಲಿ, ಅವರು ಲೈನು ಅನ್ನುವ ಕಡೆ, ಪಾತ್ರೆಗಳು ಉರುಳುತ್ತವೆ. ಅದಾದ ಮರುದಿನ ಲೈನಿನ ಪ್ರತಿಯೊಬ್ಬನೂ ತನ್ನ ನಾಯಿ ಮೊದಲೇ ಊಳಿಟ್ಟಿತ್ತು ಅಂತ ಹೇಳುವವನೇ. ಮೊದಲೇ ಗೊತ್ತಾಗಿದ್ದರೆ ಮೊದಲೇ ಯಾಕೆ ಹೇಳಲಿಲ್ಲ ಅಂತ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಅಪ್ಪನೂ ಅದೇ ರೈಲಿನಲ್ಲಿ ಬರುವವನಲ್ಲವೇ, ನಮ್ಮ ನಾಯಿಯೂ ಊಳಿಡುತ್ತದೆ ಅಂತ ಸಾಧಿಸುತ್ತಿದ್ದ. ಅಷ್ಟು ದೂರದ ಬಂಡೆ ಸಿಡಿಯುವುದು ಹೋಗಲಿ, ಪಕ್ಕದ ಮನೆಯಲ್ಲಿ ಪಟಾಕಿ ಸಿಡಿದರೂ ಅದು ಕಲಗಚ್ಚಿನ ತೊಟ್ಟಿಯ ಹಿಂದೆ ಸೇರಿಕೊಳ್ಳುತ್ತಿತ್ತು.

ನಿಜವಾಗಿ ಹಾಗೊಂದು ದಿನ ಬಂದಾಗ ನಾಯಿ ಊಳಿಡಲೂ ಇಲ್ಲ, ಏನೂ ಇಲ್ಲ. ಸಂಜೆಯ ರೈಲಿಗೆ ಬಂದವರು ಒಳಗೆ ಬಂಡೆ ಸಿಡಿದಿದೆ, ಕೆಲವರು ಮೇಲೆ ಬಂದಿಲ್ಲ ಅಂದರು. ಅಪ್ಪ ಆ ರೈಲಿನಲ್ಲಿ ಇರಲಿಲ್ಲ. ಅಮ್ಮ ದೇವರ ಮುಂದೆ ಕೂತವಳು ಏಳಲಿಲ್ಲ. ನಾನು ಅಂಗಳದಲ್ಲಿ ನಿಂತಿದ್ದೆ. ನಮ್ಮ ಕಡೆ ನಾಯಿಯ ಬಾಲ ಮಾತ್ರ ಇತ್ತು. ಗೋಡೆಯಾಚೆ ಚಿಕ್ಕಪ್ಪನ ದನಿ ಕೇಳಿಸುತ್ತಿತ್ತು. "ಬಂದ್ನಾ ನೋಡ್ಲಾ. ಓಗಿ ನೋಡ್ಕಂಡು ಬಾರೋ. ಕೇಳಿಸ್ತದಾ ನಿಂಗೆ ಸೈಕಲ್ ಸದ್ದು? ಕೇಳ್ಸಿದ್ರೆ ಏಳೋ." ಮತ್ತೆ ಸುಮ್ಮನಾಗುವುದು, ಮತ್ತೆ ಕೇಳುವುದು. ಹಾಲು ಕರೆಯುವ ಹೊತ್ತು ಮೀರಿ ಹಸುಗಳು ಅರಚುತ್ತಿದ್ದವು, ಆ ಮನುಷ್ಯ ಕಿಂಡಿ ಬಿಟ್ಟು ಏಳಲಿಲ್ಲ. ಗೋಡೆ ದಾಟಿ ಬಂದು ಅಣ್ಣನ ಹೆಂಡತಿಗೆ ಒಂದು ಮಾತು ಹೇಳಬಹುದಿತ್ತು. ಸ್ಟೇಷನ್ನಿಗೆ ಓಡಬಹುದಿತ್ತು. ಅದೆಲ್ಲ ಮಾಡಿದರೆ ಸೋತಂತಲ್ಲವೇ! ನನಗೆ ಅವತ್ತು ಚಿಕ್ಕಪ್ಪನ ಮೇಲೆ ಬಂದ ಕೋಪ, ಅವನ ಮೇಲೆ ಬಂದ ಕನಿಕರ, ಎರಡೂ ಇವತ್ತಿಗೂ ಹಾಗೇ ಇವೆ.

ಕತ್ತಲಾಗಿ ಬಹಳ ಹೊತ್ತಾದ ಮೇಲೆ ಅಪ್ಪ ಸೈಕಲ್ ತಳ್ಳಿಕೊಂಡು ಬಂದ. ಮೈಯೆಲ್ಲ ಬೂದಿಬಣ್ಣ, ಕಣ್ಣು ಕೆಂಪು. ಬೇರೆ ಕಡೆ ಸಿಡಿದದ್ದಂತೆ. ಆದರೂ ಜೊತೆಯವರನ್ನು ಎತ್ತುವುದಕ್ಕೆ ನಿಂತಿದ್ದನಂತೆ. ಅಮ್ಮ ಜೋರಾಗಿ ಅತ್ತಳು. ಗೋಡೆಯಾಚೆಯಿಂದ ಚಿಕ್ಕಪ್ಪ, "ಬಂದ ನೋಡ್ಲಾ. ಎಲ್ಲಿ ಸಾಯ್ತಾನೆ ಅವ್ನು. ಏಳು, ಆಲು ಕರೀಬೇಕು," ಅಂದ. ದನಿ ಒಡೆದಿತ್ತು. ಸ್ವಲ್ಪ ಹೊತ್ತಿಗೆ ಗೋಡೆಯ ಮೇಲೆ ಒಂದು ಚೊಂಬು ಬಿಸಿಹಾಲು ಬಂತು, ಬೆಲ್ಲ ಹಾಕಿದ್ದು. "ನಾಯ್ಗೆ," ಅಂದ ಚಿಕ್ಕಪ್ಪ. ಅಪ್ಪ ಗೋಡೆಗೆ ಒರಗಿ ಕೂತು ಅಷ್ಟನ್ನೂ ಕುಡಿದ. ಕುಡಿದಾದ ಮೇಲೆ ನಾಯಿಯ ಬೆನ್ನ ಮೇಲೆ ಕೈಯಿಟ್ಟುಕೊಂಡು, ಒಳಗೆ ಕಂಡದ್ದನ್ನೆಲ್ಲ ಅದಕ್ಕೆ ಹೇಳಿದ. ಆಚೆ ಚಿಕ್ಕಪ್ಪನ ಬೀಡಿಯ ವಾಸನೆ ಬರುತ್ತಲೇ ಇತ್ತು.

ವರ್ಷಗಳು ಹೋದವು. ನಾನು ಲಂಗದಿಂದ ಸೀರೆಗೆ ಬಂದೆ. ನಾಯಿಯ ಮೂತಿ ಬೆಳ್ಳಗಾಯಿತು, ಕಣ್ಣಿಗೆ ಪೊರೆ ಬಂತು, ಕೊನೆಗೆ ಕಿವಿಯೂ ಕೆಟ್ಟಿತು. ಕಿವುಡು ನಾಯಿಯ ಮೂಲಕ ಮಾತಾಡುವುದು ಏನೆಂದು ತಿಳಿಯಬೇಕಾದರೆ ನಮ್ಮ ಮನೆಗೆ ಬರಬೇಕಿತ್ತು. ಅದಕ್ಕೆ ಕೇಳಿಸಲಿ ಅಂತ ಇಬ್ಬರೂ ಕಿರುಚುತ್ತಿದ್ದರು. ಕೇಳಿಸಬೇಕಾದವನು ಎರಡು ಮಾರು ದೂರದಲ್ಲೇ ಇದ್ದಾನೆ, ಅವನ ಕಿವಿ ಚೆನ್ನಾಗಿದೆ ಅನ್ನುವುದು ಇಬ್ಬರ ತಲೆಗೂ ಹೋಗಲಿಲ್ಲ. "ಬಾವಿ ಅಗ್ಗ ಸವ್ದೈತೆ!" ಅಂತ ಅಪ್ಪ ನಾಯಿಯ ಕಿವಿಗೆ ಬಾಯಿಟ್ಟು ಕೂಗಿದರೆ ಬೂದಿಕೋಟೆಯ ಬಸ್ಸಿನವನಿಗೂ ಹಗ್ಗದ ಸಮಾಚಾರ ಗೊತ್ತಾಗುತ್ತಿತ್ತು.

ಎಂಬತ್ತರ ದಶಕದ ಕೊನೆಯಲ್ಲಿ ನನ್ನ ಮದುವೆ ಗೊತ್ತಾಯಿತು. ಎಲ್ಲಕ್ಕಿಂತ ಮೊದಲ ಕರೆ ದಾಯಾದಿಗಳಿಗೆ ಹೋಗಬೇಕು, ಚಪ್ಪರದ ಮೊದಲ ಕಂಬವನ್ನು ಅಣ್ಣತಮ್ಮ ಸೇರಿ ನೆಡಬೇಕು. ಅದಿಲ್ಲದೆ ನಮ್ಮ ಮನೆತನದಲ್ಲಿ ಮದುವೆ ನಡೆದೇ ಇಲ್ಲ. ಅಪ್ಪನಿಗೆ ನಿದ್ದೆ ಹೋಯಿತು. ಹಗಲಿನದೂ ಹೋಯಿತು, ಇರುಳಿನದೂ ಹೋಯಿತು. ಗಂಡಿನ ಕಡೆಯವರು ಏನನ್ನುತ್ತಾರೋ ಅನ್ನುವ ಚಿಂತೆಯಲ್ಲ ಅದು. ಇದ್ದ ಒಬ್ಬ ತಮ್ಮನೇ ಮಗಳ ಮದುವೆಗೆ ಬಾರದೇ ಹೋದರೆ? ಅಪ್ಪನಿಗೆ ತಮ್ಮ ಬೇಕಾಗಿದ್ದ. ಇಷ್ಟು ವರ್ಷವೂ ಬೇಕಾಗಿದ್ದ. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಹೇಳುವ ಬಾಯಿ ಮಾತ್ರ ಇರಲಿಲ್ಲ.

ಕೊನೆಗೆ ಒಂದು ಬೆಳಗ್ಗೆ ತಟ್ಟೆಯಲ್ಲಿ ಎಲೆ ಅಡಿಕೆ, ಅರಿಶಿನ ಕುಂಕುಮ, ಲಗ್ನಪತ್ರಿಕೆ ಇಟ್ಟುಕೊಂಡು, ಒಗೆದ ಪಂಚೆ ಉಟ್ಟು, ಬೀದಿಯಿಂದ ಸುತ್ತಿಕೊಂಡು ಚಿಕ್ಕಪ್ಪನ ಜಗಲಿಗೆ ಹೋದ. ನಾನೂ ಅಮ್ಮನೂ ಹಿಂದೆ. ಚಿಕ್ಕಪ್ಪ ಜಗಲಿಯ ಮೇಲೆ ಕೂತಿದ್ದ, ಕಾಲ ಬುಡದಲ್ಲಿ ನಾಯಿ. ಎದ್ದು ನಿಂತ. ಇಬ್ಬರೂ ಎದುರೆದುರು, ಕೈಗೆ ಕೈ ತಾಕುವಷ್ಟು ಹತ್ತಿರ. ಅಪ್ಪನ ತುಟಿ ಅಲುಗಾಡಿತು. ಈಗ ಹೇಳುತ್ತಾನೆ ಅಂದುಕೊಂಡೆ. ನಮ್ಮಪ್ಪ ಮಂಡಿ ಊರಿ ಕೂತು, ತಟ್ಟೆಯನ್ನು ನಾಯಿಯ ಮುಂದಿಟ್ಟು, ಅದರ ಕಿವಿಗೆ ಕೂಗಿದ: "ನಮ್ ಮಗೀನ ಮದ್ವೆ ಇಟ್ಕೊಂಡಿದೀವಿ! ಮನೆಮಂದಿ ಎಲ್ಲಾ ಬಂದು ನಡ್ಸಿ ಕೊಡ್ಬೇಕೂಂತೇಳು!" ನಾಯಿ ವೀಳ್ಯದೆಲೆಯನ್ನು ಮೂಸಿ ಸೀನಿತು. ಚಿಕ್ಕಪ್ಪ ಬಗ್ಗಿ, ಅದೇ ಕಿವಿಗೆ, "ಬತ್ತೀವಿ ಅಂತೇಳು!" ಅಂತ ಕೂಗಿದ. ಒಳಗಿನಿಂದ ಅಜ್ಜಿ, ಅವಳ ಪಾಳಿ ಆ ತಿಂಗಳು ಅಲ್ಲಿತ್ತು, "ಮದ್ವೆ ಯಾರ್ದ್ರೋ, ಮೊಮ್ಮಗಳ್ದಾ, ನಾಯಿದಾ?" ಅಂತ ಕೇಳಿದಳು.

ಚಪ್ಪರಕ್ಕೆ ಇನ್ನೂ ಕೆಲವು ದಿನವಿರುವಾಗ ನಾಯಿ ಸತ್ತಿತು. ಬೆಳಗ್ಗೆ ನೋಡಿದರೆ ಕಿಂಡಿಯಲ್ಲೇ ಮಲಗಿತ್ತು, ತಲೆ ನಮ್ಮ ಕಡೆ. ಅಪ್ಪ ಮುಟ್ಟಿ ನೋಡಿ ಅಲ್ಲೇ ಕೂತುಬಿಟ್ಟ. ಆಚೆ ಚಿಕ್ಕಪ್ಪನೂ ಕೂತಿರಬೇಕು, ಅವನ ಮೂಗೇರಿಸುವ ಸದ್ದು ಕೇಳುತ್ತಿತ್ತು. ಎಳೆದುಕೊಂಡರೆ ತನ್ನದು ಅಂದಂತಾಗುತ್ತದೆ ಅಂತ ಅವನೂ ಎಳೆಯಲಿಲ್ಲ, ಇವನೂ ಎಳೆಯಲಿಲ್ಲ. ಬಿಸಿಲೇರುತ್ತಿತ್ತು. ಅಮ್ಮನೇ ರೇಗಿ, "ನೊಣ ಬತ್ತಾವೆ, ಎತ್ರಿ!" ಅಂದಾಗ ಅಪ್ಪ ತಲೆಯ ಕಡೆ ಹಿಡಿದ, ಚಿಕ್ಕಪ್ಪ ಆಚೆಯಿಂದ ಒತ್ತಿಕೊಟ್ಟ. ಗೋಣಿತಾಟಿನಲ್ಲಿ ಸುತ್ತಿ ಇಬ್ಬರೂ ಹೊತ್ತುಕೊಂಡು ಹೊಲಕ್ಕೆ ಹೋದರು. ಯಾರ ಹೊಲದಲ್ಲಿ ಹೂಳುವುದು? ಬದುವಿನಲ್ಲಿ ಹೂಳಿದರು. ಒಬ್ಬ ಅಗೆದರೆ ಒಬ್ಬ ಮಣ್ಣೆತ್ತಿದ. ಮಣ್ಣು ಮುಚ್ಚುವಾಗ ಅಪ್ಪ ಪೂರ್ವಕ್ಕೆ ತಿರುಗಿಕೊಂಡು ಅತ್ತ, ಚಿಕ್ಕಪ್ಪ ಪಶ್ಚಿಮಕ್ಕೆ ತಿರುಗಿಕೊಂಡು ಅತ್ತ. ಒಬ್ಬರ ಅಳು ಒಬ್ಬರಿಗೆ ಕೇಳಿಸಲಿಲ್ಲ ಅಂತ ಇಬ್ಬರೂ ನಂಬಿಕೊಂಡು ಮನೆಗೆ ಬಂದರು. ಅಪ್ಪ ಅವತ್ತು ಊಟ ಮುಟ್ಟಲಿಲ್ಲ. "ನಾನ್ ಸತ್ರೆ ಇದ್ರಲ್ಲಿ ಅರ್ಧ ಅತ್ರೆ ಸಾಕಪ್ಪ," ಅಂತ ಅಜ್ಜಿ ಎರಡೂ ಮನೆಗೆ ಕೇಳುವ ಹಾಗೆ ಹೇಳಿದಳು.

ನನಗೂ ದುಃಖವಾಗಿತ್ತು, ಬಹಳ ದುಃಖವಾಗಿತ್ತು. ಆದರೆ ಅದಕ್ಕಿಂತ ದೊಡ್ಡದು ಭಯ. ನಾಯಿಗೆ ಕೊಟ್ಟ ಕರೆಗೆ ನಾಯಿ ಸತ್ತ ಮೇಲೆ ಬೆಲೆ ಉಂಟೇ? ಅಪ್ಪ ಮತ್ತೆ ತಟ್ಟೆ ಹಿಡಿದು ಹೋಗಲಿಲ್ಲ. ಚಿಕ್ಕಪ್ಪ ಕೇಳಲಿಲ್ಲ. ಇದ್ದೊಂದು ದಾರಿಯೂ ಮುಚ್ಚಿ ಎರಡು ಮನೆಗಳೂ ಮೂಕವಾದವು.

ಚಪ್ಪರದ ದಿನ ಚಿಕ್ಕಪ್ಪ ಬಂದ. ಗಾಡಿ ತುಂಬ ಹೊಂಗೆ ಸೊಪ್ಪು, ತೆಂಗಿನ ಗರಿ ತಂದು ಇಳಿಸಿದ. ಅಪ್ಪನ ಮುಖ ಅರಳಿತು, ತಕ್ಷಣ ಮತ್ತೆ ಮುಚ್ಚಿತು. ಇಬ್ಬರೂ ಮೊದಲ ಕಂಬ ಹಿಡಿದರು. ಕಂಬ ನೆಡುವುದಕ್ಕೆ ಇತ್ತ, ಅತ್ತ, ಸಾಕು ಅನ್ನುವ ಮೂರು ಮಾತಾದರೂ ಬೇಕು. ಇವರು ಕಣ್ಣಲ್ಲೂ ಹೇಳಲಾರರು. ಅಪ್ಪ ಎಡಕ್ಕೆ ಎಳೆದ, ಚಿಕ್ಕಪ್ಪ ಬಲಕ್ಕೆ ದಬ್ಬಿದ, ಸುತ್ತ ನಿಂತವರು ಮುಸಿಮುಸಿ ನಕ್ಕರು. ಕಂಬ ಸೊಟ್ಟಗೆ ನಿಂತಿತು. ಮದುವೆ ಮುಗಿಯುವವರೆಗೂ ಹಾಗೇ ನಿಂತಿತ್ತು. ನನ್ನ ಧಾರೆಯ ಫೋಟೋದಲ್ಲಿ ನೋಡಿದರೆ ಎಲ್ಲರೂ ನೆಟ್ಟಗಿದ್ದಾರೆ, ಹಿಂದೆ ಅದೊಂದು ವಾಲಿಕೊಂಡಿದೆ.

ಮದುವೆಯ ಕೆಲಸದಲ್ಲಿ ಚಿಕ್ಕಪ್ಪ ಎರಡಾಳಿನಷ್ಟು ದುಡಿದ. ನೀರು ಹೊತ್ತ, ಸೌದೆ ಸೀಳಿದ, ಬೀಗರಿಗೆ ಬಡಿಸಿದ. ಅಪ್ಪನ ಎದುರು ಬಂದಾಗಲೆಲ್ಲ ಪಕ್ಕಕ್ಕೆ ಸರಿದ. ಪಂಕ್ತಿಗಳೆಲ್ಲ ಎದ್ದ ಮೇಲೆ ಹೆಣ್ಣಿನ ಮನೆಯವರು ಕೊನೆಯಲ್ಲಿ ಉಣ್ಣಬೇಕು. ಎಲೆ ಹಾಕಿದರು. ನಾನು ಬಾಸಿಂಗದ ಗುರುತು ಹಣೆಯ ಮೇಲಿಟ್ಟುಕೊಂಡು ಚಪ್ಪರದ ನಡುವೆ ನಿಂತಿದ್ದೆ. ಅಪ್ಪ ನನ್ನ ಎಡಕ್ಕೆ ಬಂದು, "ಎಲೆ ಆಕವ್ರೆ. ನಿಮ್ ಚಿಕ್ಕಪ್ಪಂಗೆ ಊಟಕ್ಕೆ ಬಾ ಅಂತೇಳು ಮಗಾ," ಅಂದ. ಚಿಕ್ಕಪ್ಪ ನನ್ನ ಬಲಕ್ಕೆ ನಿಂತಿದ್ದ. ಅವನು ನನ್ನ ಕಡೆ ನೋಡಿ, "ನಿಮ್ಮಪ್ಪ ಉಂಡ್ನಾ ಕೇಳು ಮಗಾ. ಅವ್ನು ಉಣ್ದೆ ನಾನೆಂಗೆ ಕೂರ್ಲಿ?" ಅಂದ.

ನನಗೆ ತಲೆ ಕೆಟ್ಟುಹೋಯಿತು. ನನ್ನ ಎರಡೂ ಕಡೆ ಇಬ್ಬರು, ನಡುವೆ ನಾನು. ಕಿಂಡಿಯಲ್ಲಿ ಮಲಗಿದ್ದವನ ಕೆಲಸಕ್ಕೆ ನನ್ನನ್ನು ಹಾಕಿಕೊಂಡಿದ್ದರು. "ನಾನು ನಾಯಿ ಅಲ್ಲ!" ಅಂತ ಕೂಗಿದೆ. ಮದುಮಗಳು ಹಾಗೆ ಕೂಗಬಾರದು; ಗಂಡಿನ ಕಡೆಯವರು ಕೈಯಲ್ಲಿದ್ದ ಎಲೆ ಅಡಿಕೆ ಬಿಟ್ಟು ತಿರುಗಿ ನೋಡಿದರು. ನನ್ನ ಗಂಡ ಅವತ್ತಿನಿಂದ ನನ್ನ ಹತ್ತಿರ ಸ್ವಲ್ಪ ನೋಡಿಕೊಂಡೇ ಮಾತಾಡುತ್ತಾನೆ. "ನಿಮ್ ನಾಯಿ ಸತ್ತೋಯ್ತು! ನೀವೇ ಮಣ್ಣಾಕಿ ಬಂದ್ರಿ! ನಾನು ನಾಳೆ ಬಸ್ಸತ್ತಿ ಓಗ್ತೀನಿ. ಆಮೇಲ್ ಯಾರ್ ಕೈಲಿ ಏಳ್ಕಳಿಸ್ತೀರ, ಕರು ಕೈಲಾ? ಮಾತಾಡೋದಿದ್ರೆ ಬಾಯ್ಬಿಟ್ಟು ಮಾತಾಡಿ. ಇಲ್ಲಾಂದ್ರೆ ಇಬ್ರೂ ಉಪಾಸ ಬಿದ್ದಿರಿ!"

ಗಣಿಯಿಂದ ಬಂದ ಆ ರಾತ್ರಿಯೂ ಅಪ್ಪನ ಮುಖ ಅಷ್ಟು ಬಿಳಿಚಿಕೊಂಡಿರಲಿಲ್ಲ. ಅವನು ನನ್ನನ್ನು ಬಿಟ್ಟು, ನನ್ನ ಭುಜದ ಮೇಲಿಂದ, ತಮ್ಮನನ್ನು ನೋಡಿದ.

"ಉಂಡಿಲ್ವೇನ್ಲಾ?" ಅಂದ.

ಚಿಕ್ಕಪ್ಪ ತಲೆ ಅಲ್ಲಾಡಿಸಿದ. ಆಮೇಲೆ ಬಹಳ ಕಷ್ಟಪಟ್ಟು, "ಇಲ್ಲಣ್ಣ" ಅಂದ.

ಇಬ್ಬರೂ ಹೋಗಿ ಎಲೆಯ ಮುಂದೆ ಅಕ್ಕಪಕ್ಕ ಕೂತರು. ನಾನೇ ಬಡಿಸಿದೆ. ಅನ್ನ ಕಲಸಿಕೊಂಡು, ಬಾಯಿಗಿಡದೆ, ಎಲೆ ನೋಡುತ್ತಾ ಕೂತಿದ್ದರು. ಅಪ್ಪ ಮೆಲ್ಲಗೆ, "ಆ ನಾಯಿ ನಿಂದೇ ಕಣ್ಲಾ," ಅಂದ. "ನೊರೆ ಆಲು ಕುಡ್ಸಿ ಸಾಕ್ದೋನು ನೀನು."

"ಚೀಲ್ದಲ್ಲಿ ಮಡ್ಗಿ ತಂದೋನು ಯಾರು? ನಿಂದು ಕಣಣ್ಣ ಅದು."

"ಇಲ್ಲ ಕಣ್ಲಾ. ಬಾಗ್ದಲ್ಲಿ ನಿನ್ ಪಾಲ್ಗೆ ಆಕ್ಬೇಕಾಗಿತ್ತು ನಾನು."

"ಆಕಿದ್ರೂ ನಾ ಇಸ್ಕೊಳ್ತಿರ್ಲಿಲ್ಲ. ನಿಂದನ್ನ ನಾನ್ಯಾಕೆ ಇಸ್ಕೊಳ್ಲಿ?"

"ನಂದಲ್ಲ ಅಂತಿಲ್ವೇನೋ!"

"ಮತ್ತ್ಯಾರ್ದು, ನಂದಾ?"

ಇದ್ದಾಗ ಬೇಕು ಅನ್ನಲಾರದವರು ಸತ್ತ ಮೇಲೆ ಒಬ್ಬರಿಗೊಬ್ಬರು ದಾನ ಕೊಡುತ್ತಿದ್ದರು, ಅದೂ ಒಬ್ಬರೂ ತೆಗೆದುಕೊಳ್ಳದೆ. ದನಿ ಏರಿತು. ಇಬ್ಬರ ಕಣ್ಣಿನಿಂದಲೂ ನೀರು ಸಾರಿನ ಮೇಲೆ ಬೀಳುತ್ತಿತ್ತು, ಇಬ್ಬರೂ ಎಲೆ ಗುದ್ದಿ ಗುದ್ದಿ ಜಗಳವಾಡುತ್ತಿದ್ದರು. ನನಗೂ ತಡೆಯಲಾಗಲಿಲ್ಲ, ಸೌಟು ಹಿಡಿದುಕೊಂಡೇ ಅತ್ತೆ. ಬೀಗರು ಗಾಬರಿಯಾಗಿ ಬಿಡಿಸಲು ಎದ್ದರು. ಅಮ್ಮ, ಚಿಕ್ಕಮ್ಮ ಇಬ್ಬರೂ ಓಡಿಬಂದರು.

ಅಜ್ಜಿ ಕೂತಲ್ಲಿಂದ ಏಳದೆ, ಕೋಲು ಅಡ್ಡ ಹಿಡಿದು ಎಲ್ಲರನ್ನೂ ತಡೆದಳು. "ಯಾರೂ ಓಗ್ಬೇಡಿ," ಅಂದಳು. "ಕಿತ್ತಾಡ್ಲಿ ಬಿಡಿ. ಇಷ್ಟ್ ವರ್ಸಕ್ಕೆ ನನ್ ಮಕ್ಕಳ್ಗೆ ಬಾಯ್ ಬಂದೈತೆ."